ತಮ್ಮ ಖಾನೆಯಲ್ಲಿರುವ ನಮ್ಮಮ್ಮನ ಕೆಳದವಡೆ

ಶತ್ರು ಮೂಲದ ವಸ್ತುಗಳ ನಿಯಂತ್ರಣಾಧಿಕಾರಿಗಳಾದ ಮಾನ್ಯರೇ,

ತಮ್ಮ ಕಚೇರಿಯ ಎರಡನೇ ಮಹಡಿಯಲ್ಲಿ, ತಮ್ಮ ಮೇಜಿನ ಬಲಗಡೆಯ ಕೆಳಖಾನೆಯಲ್ಲಿ, ಅರಗಿನ ಮುದ್ರೆ ಬಿದ್ದ ಒಂದು ಕಂದು ಲಕೋಟೆಯೊಳಗೆ ನಮ್ಮಮ್ಮನ ಕೆಳಗಿನ ಹಲ್ಲುಗಳಿವೆ. ಅವನ್ನು ಹಿಂದಿರುಗಿಸಿ ಎಂದು ಕೇಳಲು ಈ ಪತ್ರ. ಪತ್ರಿಕೆಯಲ್ಲಿ ಯಾಕೆ ಬರೆಯುತ್ತೀರಿ, ನೇರವಾಗಿ ನನಗೇ ಬರೆಯಬಹುದಿತ್ತಲ್ಲ ಎಂದು ತಾವು ಕೇಳಬಹುದು. ಬರೆದಿದ್ದೆ. ತಮ್ಮ ಉತ್ತರವೂ ಬಂತು: ‘ಸದರಿ ವಸ್ತುವು ಶತ್ರು ದೇಶದಲ್ಲಿ ತಯಾರಾದದ್ದೆಂದು ಕಂಡುಬಂದಿರುವುದರಿಂದ, ಯುದ್ಧ ಮುಗಿಯುವವರೆಗೆ ಇಲಾಖೆಯ ವಶದಲ್ಲಿರತಕ್ಕದ್ದು.’ ವಾಕ್ಯದಲ್ಲಿ ತಪ್ಪೇನೂ ಇಲ್ಲ. ಮತ್ತೊಮ್ಮೆ ಓದಿ ನೋಡಿದೆ. ಆದರೆ ಅಮ್ಮನಿಗೆ ಎಪ್ಪತ್ತು ದಾಟಿದೆ. ಯುದ್ಧ ಇನ್ನೂ ಎಳೆಯದು, ಆರೈಕೆಯೂ ಚೆನ್ನಾಗಿದೆ; ತಮ್ಮಂಥವರು ಕಣ್ಣಲ್ಲಿ ಕಣ್ಣಿಟ್ಟು ಸಾಕುತ್ತಿದ್ದೀರಿ. ಇಬ್ಬರಲ್ಲಿ ಯಾರು ಮೊದಲು ಮುಗಿಯುತ್ತಾರೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಹಲ್ಲುಗಳ ಪೂರ್ವಾಪರ ತಮ್ಮ ಕಡತದಲ್ಲಿಲ್ಲದ ಕಾರಣ ಇಲ್ಲಿ ಹೇಳುತ್ತೇನೆ. ನಮ್ಮ ಊರು ಹೊಳೆಯ ಈ ದಡದಲ್ಲಿದೆ. ಆ ದಡದಲ್ಲಿರುವುದು ಇನ್ನೊಂದು ಊರು, ಇನ್ನೊಂದು ದೇಶ, ಇನ್ನೊಂದು ಭಾಷೆ. ನಡುವೆ ಸೇತುವೆ. ಹಿಂದೆಲ್ಲ ನಾವು ಆ ದೇಶಕ್ಕೆ ಪಕ್ಕದ ಬೀದಿಗೆ ಹೋದ ಹಾಗೆ ಚಪ್ಪಲಿ ಮೆಟ್ಟಿ, ಚೀಲ ಹಿಡಿದು ಹೋಗಿಬರುತ್ತಿದ್ದೆವು. ಊರಿನಲ್ಲಿ ಹಲ್ಲು ಕಟ್ಟುವ ಒಂದೇ ಅಂಗಡಿ ಇತ್ತು. ಅದರ ಯಜಮಾನರು ತೀರಿಕೊಂಡ ಮೇಲೆ ಇಬ್ಬರು ಗಂಡುಮಕ್ಕಳಿಗೆ ಜಗಳ ಹತ್ತಿತು. ಆಸ್ತಿಗಲ್ಲ, ಅಂಗಡಿಯ ಬೋರ್ಡಿನಲ್ಲಿ ಯಾರ ಹೆಸರು ಮೇಲಿರಬೇಕು ಎಂಬುದಕ್ಕೆ. ಒಂದು ಬೇಸಗೆ ಪೂರ್ತಿ ಈ ಜಗಳ ಕೇಳಿ ಕೇಳಿ ಅವರ ತಾಯಿಗೆ ಸಾಕಾಯಿತು. ಒಂದು ದಿನ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರಂತೆ:

“ದೊಡ್ಡವನೇ, ನಿನಗೆ ಮೇಲೆ ಇರಬೇಕು ತಾನೆ? ಇವತ್ತಿಂದ ನೀನು ಮೇಲಿನ ದವಡೆ ಮಾತ್ರ ಕಟ್ಟು. ಚಿಕ್ಕವನು ಕೆಳಗಿಂದು ಕಟ್ಟಲಿ. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕಿದ್ರೆ ನನ್ನ ಮೇಲಾಣೆ.”

ಚಿಕ್ಕವರು ಆ ದಡದಲ್ಲಿ ಮದುವೆಯಾಗಿ ಅಲ್ಲಿಯೇ ಅಂಗಡಿ ಹಾಕಿದರು. ಊರಿನ ಬಾಯಲ್ಲಿ ದೊಡ್ಡವರು ಮೇಲಣ್ಣ ಆದರು, ಚಿಕ್ಕವರು ಕೆಳತಮ್ಮ ಆದರು. ಅಂದಿನಿಂದ ಹಲ್ಲು ಕಟ್ಟಿಸಿಕೊಳ್ಳುವವರೆಲ್ಲ ಮೊದಲು ಮೇಲಣ್ಣನ ಹತ್ತಿರ ಮೇಲಿನ ಸೆಟ್ ಮಾಡಿಸಿಕೊಂಡು, ಅದರ ಅಚ್ಚನ್ನು ಬಟ್ಟೆಯಲ್ಲಿ ಸುತ್ತಿ ಸೇತುವೆ ದಾಟಿ, ಕೆಳತಮ್ಮನ ಹತ್ತಿರ ಕೆಳಗಿನದ್ದನ್ನು ಮಾಡಿಸಿಕೊಂಡು ಬರಬೇಕು. ಆ ದಡದವರು ಇದೇ ದಾರಿಯನ್ನು ತಿರುಗುಮುರುಗಾಗಿ ನಡೆಯಬೇಕು. ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದರು, ಆದರೆ ಗಿರಾಕಿಗಳ ಮೂಲಕ ಆಡದ ಮಾತಿರಲಿಲ್ಲ. “ಆ ಮಹಾನುಭಾವನಿಗೆ ಹೇಳಿ, ಮುಂದಿನ ಹಲ್ಲು ಇಷ್ಟುದ್ದ ಇಟ್ರೆ ನಾನು ಕೆಳಗಿನದ್ದನ್ನ ಗಂಟಲಲ್ಲಿ ಕಟ್ಟಬೇಕಾಗುತ್ತೆ” ಎಂದು ಅಲ್ಲಿಂದ ಬರುತ್ತಿತ್ತು. “ಅವನ ಕಣ್ಣಿಗೆ ಕನ್ನಡಕ ಬಂದಿದೆಯೋ ಇಲ್ಲವೋ ಕೇಳ್ಕೊಂಡು ಬನ್ನಿ” ಎಂದು ಇಲ್ಲಿಂದ ಹೋಗುತ್ತಿತ್ತು. ಜನ ಒಂದು ಕೈಯಲ್ಲಿ ಅಚ್ಚು, ಇನ್ನೊಂದು ಕೈಯಲ್ಲಿ ಬೈಗುಳ ಹಿಡಿದು ಸೇತುವೆ ದಾಟುತ್ತಿದ್ದರು. ಎರಡನ್ನೂ ಜೋಪಾನವಾಗಿ ತಲುಪಿಸುತ್ತಿದ್ದರು. ಇಬ್ಬರ ಜಗಳ ಒಂದು ದಿನವೂ ನಿಲ್ಲಲಿಲ್ಲ. ಎರಡು ದೇಶಗಳಲ್ಲಿ ಒಬ್ಬರ ಬಾಯಿಯೂ ಅರ್ಧವಾಗಿ ಉಳಿಯಲಿಲ್ಲ.

ಇದನ್ನು ಇಷ್ಟು ವಿಸ್ತಾರವಾಗಿ ಯಾಕೆ ಹೇಳುತ್ತಿದ್ದೇನೆಂದರೆ, ನೆರೆಹೊರೆಯವರು ಪರಸ್ಪರ ಸಹಿಸಲಾರದ ಕಾರಣಕ್ಕೆ ಯುದ್ಧವಾಗುತ್ತದೆ ಎಂದು ತಮ್ಮ ಇಲಾಖೆಯ ಕರಪತ್ರದಲ್ಲಿ ಓದಿದೆ. ನಾನು ಒಪ್ಪಲಾರೆ. ಸಹಿಸಲಾರದವರು ಎಷ್ಟು ವರ್ಷ ಬೇಕಾದರೂ ಅಕ್ಕಪಕ್ಕದಲ್ಲಿ ಬಾಳಬಲ್ಲರು, ಒಬ್ಬರ ಅರ್ಧ ಕೆಲಸ ಇನ್ನೊಬ್ಬರ ಕೈಯಲ್ಲಿದ್ದರೆ. ಯುದ್ಧಕ್ಕೆ ಬೇಕಾದದ್ದು ಬೇರೆ. ನಮ್ಮ ಯುದ್ಧಕ್ಕೆ ಬೇಕಾದದ್ದು ಒಂದು ಮರಳ ದಿಬ್ಬ.

ದಿಬ್ಬ ತಮಗೆ ನೆನಪಿರಬಹುದು. ಹೊಳೆಯ ನಡುವೆ ಇತ್ತು. ಮೇಲೆ ನಾಲ್ಕು ಹುಲ್ಲಿನ ಬುಡ, ಬಿಸಿಲು ಕಾಯುವ ಆಮೆಗಳು. ಒಂದು ವರ್ಷ ನಮ್ಮ ಕಡೆ ಸರಿಯುತ್ತಿತ್ತು, ಇನ್ನೊಂದು ವರ್ಷ ಅವರ ಕಡೆ. ನಮ್ಮ ರಾಜಧಾನಿಯ ನಕ್ಷೆಯಲ್ಲಿ ಅದಕ್ಕೆ ನಮ್ಮ ಬಣ್ಣ, ಅವರ ರಾಜಧಾನಿಯ ನಕ್ಷೆಯಲ್ಲಿ ಅವರ ಬಣ್ಣ. ಎರಡು ರಾಜಧಾನಿಗಳೂ ಹೊಳೆಯಿಂದ ಬಹಳ ದೂರ ಇದ್ದುದರಿಂದ ದಿಬ್ಬ ಅಲ್ಲಿಗೆ ತುಂಬ ದೊಡ್ಡದಾಗಿ ಕಂಡಿತು. ಮೊದಲು ಬಾವುಟ ನೆಟ್ಟರು, ಆಮೇಲೆ ಬಾವುಟ ಕಿತ್ತರು, ಆಮೇಲೆ ಗುಂಡು ಹಾರಿತು, ಸೇತುವೆ ದಾಟಲು ಅನುಮತಿ ಚೀಟಿ ಬೇಕಾಯಿತು. ಎರಡನೇ ವರ್ಷ ಹೊಳೆ ಉಕ್ಕಿ ದಿಬ್ಬವನ್ನೇ ಹೊತ್ತುಕೊಂಡು ಹೋಯಿತು. ಊರಿಗೆ ಊರೇ ದಡಕ್ಕೆ ಹೋಗಿ ನೋಡಿತು. ದಿಬ್ಬವಿಲ್ಲ, ಬಾವುಟವಿಲ್ಲ, ಆಮೆಗಳೂ ಇಲ್ಲ. “ಸದ್ಯ, ಕಳೀತು. ನಾಳೆಯಿಂದ ಚೀಟಿ ಗೀಟಿ ಇಲ್ಲದೆ ಸೇತುವೆ ದಾಟಬಹುದು” ಎಂದು ನಮ್ಮ ಪಕ್ಕದ ಮನೆಯ ಬಡಗಿ ಬೀಡಿ ಹಚ್ಚಿದ. ಸಂಜೆ ಬಾನುಲಿಯಲ್ಲಿ ಹೇಳಿದರು: ಇದು ಇನ್ನು ದಿಬ್ಬದ ಪ್ರಶ್ನೆಯಲ್ಲ, ತತ್ವದ ಪ್ರಶ್ನೆ. ಅದೇ ವಾರ ಸೇತುವೆಯನ್ನು ಪೂರ್ತಿ ಮುಚ್ಚಿದರು. ಜಾಣತನದ ನಿರ್ಧಾರವೆಂದೇ ಹೇಳಬೇಕು. ಮರಳಾದರೆ ಕೊಚ್ಚಿಹೋಗುತ್ತದೆ, ತತ್ವವನ್ನು ಯಾವ ಹೊಳೆ ಹೊತ್ತುಕೊಂಡು ಹೋದೀತು?

ಸೇತುವೆ ಮುಚ್ಚಿದಾಗ ಅಮ್ಮನ ಕೆಳಗಿನ ಸೆಟ್ ಆ ದಡದಲ್ಲಿತ್ತು. ನಡುವೆ ಸೀಳು ಬಿಟ್ಟಿತೆಂದು ರಿಪೇರಿಗೆ ಕೊಟ್ಟಿದ್ದಳು.

ಅಮ್ಮನ ಕೆಲಸದ ಬಗ್ಗೆ ಹೇಳದಿದ್ದರೆ, ಮುದುಕಿಗೆ ಅಗಿಯಲು ಹಲ್ಲು ಬೇಕು, ಅಷ್ಟೆ ತಾನೆ, ಮೆತ್ತಗೆ ಬೇಯಿಸಿ ಹಾಕಿ ಎಂದು ತಾವು ಅಂದುಕೊಳ್ಳಬಹುದು. ಅಮ್ಮ ಕೈಗವಸು ಹೊಲಿಯುವ ಕಾರ್ಖಾನೆಯಲ್ಲಿ ಓದುವವಳು. ಗವಸಿನ ಬೆರಳುಗಳ ಹೊಲಿಗೆಯನ್ನು ಕೈಯಲ್ಲೇ ಹಾಕಬೇಕು. ಕಣ್ಣಿಗೆ ಕೆಲಸ, ಕೈಗೆ ಕೆಲಸ, ಕಿವಿಗೆ ಮಾತ್ರ ಕೆಲಸವಿಲ್ಲ. ಹಾಗಾಗಿ ನಮ್ಮಲ್ಲಿ ಹಿಂದಿನಿಂದಲೂ ಒಂದು ಕ್ರಮವಿದೆ: ಹೊಲಿಯುವವರಲ್ಲಿ ಒಬ್ಬಳು ಎತ್ತರದ ಸ್ಟೂಲಿನ ಮೇಲೆ ಕೂತು ಕಾದಂಬರಿ ಓದುತ್ತಾಳೆ, ಅವಳ ಪಾಲಿನ ಗವಸುಗಳನ್ನು ಉಳಿದವರು ಹಂಚಿಕೊಂಡು ಹೊಲಿಯುತ್ತಾರೆ. ಅಮ್ಮ ಆ ಸ್ಟೂಲಿನ ಮೇಲೆ ಕೂತಾಗ ನಾನಿನ್ನೂ ಕತ್ತರಿಸುವ ಮೇಜಿನ ಕೆಳಗೆ ಚರ್ಮದ ಚೂರುಗಳಲ್ಲಿ ಆಡುತ್ತಿದ್ದೆ. ಈಗ ಅದೇ ಮೇಜಿನ ಮುಂದೆ ನಿಂತು ಚರ್ಮ ಕತ್ತರಿಸುತ್ತೇನೆ. ಅವಳು ಓದುವುದು ಅನುವಾದಗಳನ್ನೇ. “ನಮ್ಮ ಕಥೆ ನಮಗೆ ಗೊತ್ತಿದ್ದಿದ್ದೇ. ಬೇರೆಯವರ ಮನೇಲಿ ಏನು ನಡೀತಿದೆ ನೋಡೋಣ” ಎನ್ನುವುದು ಅವಳ ವಾದ.

ಹಲ್ಲು ಸೀಳಿದ ದಿನ ಒಂದು ದಪ್ಪ ಕಾದಂಬರಿ ನಡೆಯುತ್ತಿತ್ತು. ಅದು ಯಾವ ಭಾಷೆಯಿಂದ ಬಂದದ್ದು ಎಂದು ನಾನು ಹೇಳುವುದಿಲ್ಲ. ತಮ್ಮ ಇಲಾಖೆಗೆ ಈಗಾಗಲೇ ಕೈತುಂಬ ಕೆಲಸವಿದೆ. ಅಕ್ಕತಂಗಿಯರಿಬ್ಬರು ಯೌವನದಲ್ಲಿ ಜಗಳವಾಡಿ ಬೇರೆಯಾಗಿದ್ದಾರೆ. ತಲೆ ನೆರೆತ ಮೇಲೆ ಅಕ್ಕ ಊರೂರು ದಾಟಿ ತಂಗಿಯ ಮನೆ ಹುಡುಕಿಕೊಂಡು ಬಂದು ಬಾಗಿಲು ತಟ್ಟುತ್ತಾಳೆ. ಒಳಗೆ ಯಾರದೋ ಹೆಜ್ಜೆಯ ಸಪ್ಪಳ. ಅಲ್ಲಿಗೆ ಪುಟ ಮುಗಿಯಿತು, ಅಮ್ಮನ ಹಲ್ಲೂ ಕೈಕೊಟ್ಟಿತು.

“ಅಲ್ಲಕ್ಕಾ, ಬಾಗಿಲ ಹತ್ರ ತಂದು ನಿಲ್ಲಿಸಿಬಿಟ್ಯಲ್ಲ!” ಎಂದು ಗುಂಡಿ ಹಾಕುವ ಹೆಂಗಸು ಸೂಜಿ ಕೆಳಗಿಟ್ಟು ಗೊಣಗಿದಳು.

“ನಾಡಿದ್ದು ರಿಪೇರಿ ಆಗಿ ಬರುತ್ತೆ ಕಣೆ. ಇಷ್ಟು ವರ್ಷ ಕಾದವಳು, ಇನ್ನೆರಡು ದಿನ ನಿಂತ್ಕೋತಾಳೆ ಬಿಡು” ಎಂದಳು ಅಮ್ಮ.

ಆ ಅಕ್ಕ ಇವತ್ತಿಗೂ ನಿಂತಿದ್ದಾಳೆ. ಸುಮಾರು ಮೂರು ವರ್ಷವಾಯಿತು. ಬೇರೆಯವರು ಓದಬಹುದಿತ್ತಲ್ಲ ಎಂದರೆ, ಓದಿ ನೋಡಿದ್ದೇವೆ. ನಾನೇ ಸ್ಟೂಲಿನ ಮೇಲೆ ಕೂತೆ. ಬೇರೊಂದು ಪುಸ್ತಕದ ಅರ್ಧ ಅಧ್ಯಾಯ ಮುಗಿಯುವುದರೊಳಗೆ ಗುಂಡಿ ಹಾಕುವವಳು ಕೈಮುಗಿದಳು. “ತಾಯಿ, ಇಳಿ. ನೀನು ಓದಿದ್ರೆ ಸೂಜಿಗೂ ನಿದ್ದೆ ಬರುತ್ತೆ.” ಆಮೇಲೆ ತಮ್ಮ ಸರಕಾರದವರು ಕನಿಕರಪಟ್ಟು ಒಂದು ಧ್ವನಿವರ್ಧಕ ಕೊಡಿಸಿದರು. ಅದರಲ್ಲಿ ದಿನವಿಡೀ ಯುದ್ಧದ ಸುದ್ದಿ ಬರುತ್ತದೆ. ನಾವು ದಿನವೂ ಗೆಲ್ಲುತ್ತಿದ್ದೇವೆ. ಗಾಳಿ ಈ ಕಡೆ ಬೀಸಿದಾಗ ಆ ದಡದ ಧ್ವನಿವರ್ಧಕವೂ ಕೇಳಿಸುತ್ತದೆ; ಅವರೂ ದಿನವೂ ಗೆಲ್ಲುತ್ತಿದ್ದಾರೆ. ಇಬ್ಬರೂ ಗೆಲ್ಲುತ್ತಿರುವಾಗ ಸೋಲುತ್ತಿರುವವರು ಯಾರು ಎಂದು ಕೇಳಿದರೆ ಉದ್ಧಟತನವಾದೀತು. ಕಾರ್ಖಾನೆಗೆ ಬರುವ ಬೇಡಿಕೆಯನ್ನಷ್ಟೇ ಹೇಳುತ್ತೇನೆ. ಮೊದಲ ವರ್ಷ ಸೈನ್ಯದಿಂದ ಜೋಡಿ ಗವಸುಗಳಿಗೆ ಬೇಡಿಕೆ ಬಂತು. ಈಗ ಸೈನ್ಯದ ಆಸ್ಪತ್ರೆಯಿಂದ ಒಂಟಿ ಗವಸುಗಳಿಗೆ ಬರುತ್ತಿದೆ. ಎಡಗೈಯವು ಇಷ್ಟು, ಬಲಗೈಯವು ಇಷ್ಟು, ಬೇರೆ ಬೇರೆಯಾಗಿ. ಮೊದಲ ಸಲ ಆ ಚೀಟಿ ಬಂದಾಗ ಗುಮಾಸ್ತರು ಏನೋ ತಪ್ಪಾಗಿದೆ ಎಂದು ವಾಪಸು ಕಳಿಸಿದ್ದರು. ತಪ್ಪಾಗಿರಲಿಲ್ಲ.

ಆ ದಿನಗಳಲ್ಲೇ ತಮ್ಮ ಇಲಾಖೆ ‘ಎಲ್ಲವೂ ನಮ್ಮಲ್ಲೇ’ ಎಂಬ ಫಲಕಗಳನ್ನು ಊರ ತುಂಬ ಹಚ್ಚಿತು. ಒಂದನ್ನು ಮೇಲಣ್ಣನ ಅಂಗಡಿಯ ಬಾಗಿಲಿಗೂ ಹಚ್ಚಿದರು. ದಂತವೈದ್ಯರೆಲ್ಲ ಸೈನ್ಯದ ಆಸ್ಪತ್ರೆಗೆ ಹೋಗಿಯಾಗಿತ್ತು. ಅರ್ಧ ಬಾಯಿಯ ಜನ ಬಂದು ಅಂಗಡಿಯ ಮುಂದೆ ನಿಲ್ಲುತ್ತಿದ್ದರು. ಕೊನೆಗೆ ಮೇಲಣ್ಣ ಸ್ವರ್ಗದಲ್ಲಿರುವ ತಾಯಿಯ ಕ್ಷಮೆ ಕೇಳಿ, ಅಮ್ಮನಿಗಾಗಿ ಒಂದು ಸ್ವದೇಶಿ ಕೆಳದವಡೆ ಕಟ್ಟಲು ಕೂತರು. ತಿಂಗಳು ಹಿಡಿಯಿತು. ಅಮ್ಮ ಹಾಕಿಕೊಂಡು ಕನ್ನಡಿ ನೋಡಿದಳು. ನೋಡಿ ಕನ್ನಡಿಯನ್ನು ನನ್ನ ಕೈಗೆ ಕೊಟ್ಟಳು. ಏನಾಗಿತ್ತೆಂದರೆ, ಜೀವಮಾನವೆಲ್ಲ ಮೇಲಿನ ದವಡೆಯನ್ನೇ ಕಟ್ಟಿದ ಕೈ ಕೆಳಗಿನದ್ದನ್ನೂ ಮೇಲಿನದ್ದರ ಹಾಗೆಯೇ ಕಟ್ಟಿ, ತಲೆಕೆಳಗು ಮಾಡಿ ಕೊಟ್ಟಿತ್ತು. ಅಮ್ಮನ ಬಾಯಲ್ಲಿ ಎರಡು ಮೇಲ್ದವಡೆಗಳು. ಎರಡಕ್ಕೂ ಮುಂದೆ ಬರುವ ಚಪಲ, ಒಂದಕ್ಕೂ ಒಳಗೆ ಸರಿಯುವ ಅಭ್ಯಾಸವಿಲ್ಲ. ಬಾಯಿ ಮುಚ್ಚಲು ಬರಲಿಲ್ಲ, ಮಾತಾಡಲೂ ಬರಲಿಲ್ಲ. ಮೇಲಣ್ಣ ತುಂಬ ಹೊತ್ತು ನೋಡಿ, “ತೆಗೀರಿ, ತೆಗೀರಿ. ಎರಡು ಸರಕಾರ ಕೂತ ಹಾಗಿದೆ” ಎಂದರು. ಈ ಮಾತು ಅವರದು, ನನ್ನದಲ್ಲ. ಅವರಿಗೆ ವಯಸ್ಸಾಗಿದೆ, ತಾವು ಮನಸ್ಸಿಗೆ ಹಚ್ಚಿಕೊಳ್ಳಬಾರದು.

ಎರಡೂ ದವಡೆ ಕಟ್ಟಬಲ್ಲವನು ಒಬ್ಬನಿದ್ದ. ಮೇಲಣ್ಣನ ಮಗ. ಅಜ್ಜಿ ಕಣ್ಣು ಮುಚ್ಚುವ ಮುಂಚೆ, “ಇವನೊಬ್ಬ ಎರಡೂ ಕಲೀಲಿ, ಅಲ್ಲಿಗೆ ನಿಮ್ಮ ಜಗಳ ಮುಗೀಲಿ” ಎಂದು ಹೇಳಿಹೋಗಿದ್ದರು. ಬೆಳಿಗ್ಗೆ ಅಪ್ಪನ ಹತ್ತಿರ ಮೇಲಿನ ಪಾಠ, ಊಟವಾದ ಮೇಲೆ ಸೇತುವೆ ದಾಟಿ ಚಿಕ್ಕಪ್ಪನ ಹತ್ತಿರ ಕೆಳಗಿನ ಪಾಠ. ಇಬ್ಬರ ಬೈಗುಳವನ್ನೂ ಅವನು ದಾರಿಯಲ್ಲೇ ಸ್ವಲ್ಪ ಸೋಸಿ ತಲುಪಿಸುತ್ತಿದ್ದ. ಅವನ ಕೈ ಅಪ್ಪನಿಗಿಂತ ಚೊಕ್ಕ, ಚಿಕ್ಕಪ್ಪನಿಗಿಂತ ಹಗುರ ಎಂದು ಊರಲ್ಲಿ ಮಾತಿತ್ತು. ಎರಡು ದೇಶಗಳಲ್ಲಿ ಪೂರ್ತಿ ಬಾಯಿ ಕಟ್ಟಬಲ್ಲವನು ಅವನೊಬ್ಬನೇ. ಯುದ್ಧದ ಮೊದಲ ವರ್ಷ ಅವನನ್ನು ಸೈನ್ಯಕ್ಕೆ ಕರೆದರು. ಮೂರನೇ ವರ್ಷ ಆ ದೇಶದವರು ಸೆರೆ ಹಿಡಿದರು.

ಸೆರೆಶಿಬಿರದಲ್ಲಿ ಕೈದಿಗಳ ಹಲ್ಲು ನೋಡಲು ಕರೆಸಿದ್ದು ಕೆಳತಮ್ಮನನ್ನೇ. ಹುಡುಗ ಬಡಕಲಾಗಿದ್ದ, ಗಡ್ಡ ಬೇರೆ ಬಿಟ್ಟಿದ್ದ. ಬಾಯಿ ತೆರೆದನಂತೆ. ಚಿಕ್ಕಪ್ಪ ಮುಖ ನೋಡುವ ಮೊದಲೇ ದವಡೆ ನೋಡಿ, “ಇದು ನಮ್ಮನೆ ದವಡೆ ಅಲ್ವೇನೋ!” ಎಂದರಂತೆ. ಈಚೆಗೆ ಎರಡು ದೇಶಗಳು ಕೈದಿಗಳನ್ನು ಬದಲಾಯಿಸಿಕೊಂಡಾಗ ಹುಡುಗ ಊರಿಗೆ ಬಂದ. ಬರುವಾಗ ಜೇಬಿನಲ್ಲಿ ಕರವಸ್ತ್ರದಲ್ಲಿ ಸುತ್ತಿದ ಒಂದು ಸೆಟ್ ಇತ್ತು. ರಿಪೇರಿಗೆ ಕೊಟ್ಟಿದ್ದ ಅಮ್ಮನ ಕೆಳದವಡೆ. ಇಷ್ಟು ಕಾಲ ಕೆಳತಮ್ಮ ಅದನ್ನು ನೀರಿನಲ್ಲಿಟ್ಟು, ನೀರು ಬದಲಿಸಿ ಕಾಪಾಡಿದ್ದರು. ರೈಲು ನಿಲ್ದಾಣದಲ್ಲಿ ತಮ್ಮ ಸಿಬ್ಬಂದಿ ತಪಾಸಣೆ ಮಾಡಿದರು.

“ಇದೇನು?”

“ಹಲ್ಲು, ಸಾರ್.”

“ಕಾಣ್ಸುತ್ತೆ. ಯಾರದ್ದು?”

“ಗವಸಿನ ಕಾರ್ಖಾನೇಲಿ ಓದ್ತಾರಲ್ಲ, ಆ ಅಮ್ಮಂದು.”

“ಎಲ್ಲಿ ಮಾಡಿದ್ದು?”

ಹುಡುಗ ಸುಳ್ಳು ಹೇಳಬಹುದಿತ್ತು. ಶಿಬಿರದಲ್ಲಿ ಎರಡು ವರ್ಷ ಪ್ರಶ್ನೆಗಳಿಗೆ ಉತ್ತರಿಸಿ ದಣಿದಿದ್ದ. ನಿಜ ಹೇಳಿದ.

ಅವನು ಬರಿಗೈಯಲ್ಲಿ ಅಂಗಡಿಯ ಮೆಟ್ಟಿಲು ಹತ್ತಿದಾಗ ನಾನೂ ಅಮ್ಮನೂ ಅಲ್ಲಿದ್ದೆವು. ಮೇಲಣ್ಣ ಮಗನನ್ನು ಮೇಲಿನಿಂದ ಕೆಳಗೆ ನೋಡಿದರು. ಮೊದಲು ಕೇಳಿದ್ದು, “ಅವನು ಏನಂದ?”

“ಎಡಗಡೆ ದವಡೆಹಲ್ಲು ನೀವು ಎತ್ತರ ಇಟ್ಟಿದ್ರಂತೆ. ಯಾವತ್ತೂ ಹಾಗೇ ಮಾಡ್ತೀರಂತೆ. ಅದಕ್ಕೇ ಸೀಳಿದ್ದಂತೆ. ಕೆಳಗಿನದ್ದನ್ನ ತಗ್ಗಿಸಿದ್ದೀನಿ ಅಂತ ಹೇಳು ಅಂದ್ರು.”

“ಬೈದನಾ?”

“ಬೈದ್ರು.”

“ಜೋರಾಗಿ?”

“ಜೋರಾಗೇ ಅಪ್ಪ.”

“ಹಾಗಾದ್ರೆ ಚೆನ್ನಾಗಿದ್ದಾನೆ” ಎಂದು ಮೇಲಣ್ಣ ಕನ್ನಡಕ ಒರೆಸಿಕೊಂಡರು. ಆಮೇಲೆ ಹಿಂದಿನ ಅಭ್ಯಾಸದಂತೆ ಬಿಸಿ ಮಾಡಿಟ್ಟಿದ್ದ ಮೇಣದ ಉಂಡೆಯನ್ನು ಮಗನ ಕಡೆ ಚಾಚಿ, “ತಗೋ, ಕೈ ತೊಳ್ಕೊಂಡು ಕೂತ್ಕೋ, ಜನ ಕಾಯ್ತಿದ್ದಾರೆ” ಎಂದರು. ಹುಡುಗ ಜೇಬಿನಿಂದ ಬಲಗೈ ತೆಗೆದ. ಮೇಣ ನೆಲಕ್ಕೆ ಬಿತ್ತು. ಆ ಕೈಯಲ್ಲಿ ಹೆಬ್ಬೆರಳಿಲ್ಲ, ಪಕ್ಕದ ಎರಡು ಬೆರಳುಗಳೂ ಇಲ್ಲ.

ಯುದ್ಧದ ವೆಚ್ಚವೆಂದು ಪ್ರತಿ ವರ್ಷ ಪತ್ರಿಕೆಯಲ್ಲಿ ದೊಡ್ಡ ಅಂಕಿಗಳು ಬರುತ್ತವೆ. ಅದರಲ್ಲಿ ಈ ಮೂರು ಬೆರಳು ಯಾವ ಶೀರ್ಷಿಕೆಯ ಕೆಳಗೆ ಬರುತ್ತವೆ? ಹುಡುಗನ ಗವಸನ್ನು ನಾನೇ ಕತ್ತರಿಸಿದೆ, ಅಳತೆ ನನಗೆ ಗೊತ್ತು. ಆದರೆ ಆ ಬೆರಳುಗಳಲ್ಲಿ ಏನಿತ್ತು ಎಂಬುದನ್ನು ಅಳೆಯಲು ನನಗೆ ಬರುವುದಿಲ್ಲ. ಇಬ್ಬರು ಮುದುಕರು ಹೋದ ಮೇಲೆ ಈ ಎರಡು ಊರುಗಳಲ್ಲಿ ಯಾರು ಹಲ್ಲು ಕಟ್ಟುತ್ತಾರೆ ಎಂಬುದಕ್ಕೂ ತಮ್ಮ ಕರಪತ್ರದಲ್ಲಿ ಉತ್ತರವಿಲ್ಲ.

ಇನ್ನು ತಮ್ಮ ಕಚೇರಿಗೆ ನಾವು ಬಂದ ದಿನದ ಮಾತು. ಅಮ್ಮ ಮೇಲಿನ ಸೆಟ್ ಹಾಕಿಕೊಂಡು, ಒಳ್ಳೆಯ ಸೀರೆ ಉಟ್ಟು ಬಂದಿದ್ದಳು. ಹಲ್ಲುಗಳನ್ನು ಗುರುತಿಸಲೆಂದು ಮೇಲಣ್ಣನೂ ಜೊತೆಗಿದ್ದರು. ತಾವು ತುಂಬ ಸೌಜನ್ಯದಿಂದ ನಡೆದುಕೊಂಡಿರಿ. ಇದನ್ನು ವ್ಯಂಗ್ಯವಿಲ್ಲದೆ ಬರೆಯುತ್ತಿದ್ದೇನೆ. ಕುರ್ಚಿ ಕೊಡಿಸಿದಿರಿ, ಚಹಾ ತರಿಸಿದಿರಿ, ಜೊತೆಗೆ ಬಿಸ್ಕತ್ತು. ಅಮ್ಮ ಬಿಸ್ಕತ್ತನ್ನು ಚೀಲದಲ್ಲಿ ಹಾಕಿಕೊಂಡಳು. ಕೆಳಗಿನ ಹಲ್ಲು ಸಿಕ್ಕಮೇಲೆ ತಿನ್ನುತ್ತೇನೆಂದು ಅದನ್ನು ಇನ್ನೂ ಡಬ್ಬಿಯಲ್ಲಿಟ್ಟಿದ್ದಾಳೆ. ಅಂದಿನ ಮಾತುಕತೆ ತಮಗೆ ನೆನಪಿರಬಹುದು. ಅಮ್ಮನ ಮಾತುಗಳನ್ನು ಇಲ್ಲಿ ಸರಿಪಡಿಸಿ ಬರೆಯುತ್ತಿದ್ದೇನೆ. ಅವುಗಳ ನಡುವೆ ಸೋರುತ್ತಿದ್ದ ಗಾಳಿಯನ್ನು ಬಿಟ್ಟಿದ್ದೇನೆ.

“ಅಮ್ಮಾ, ಇವು ನಿಮ್ಮವೇ ಅನ್ನೋದಕ್ಕೆ ಏನು ಪುರಾವೆ?” ಎಂದಿರಿ.

“ಕೊಡಪ್ಪ ಇಲ್ಲಿ, ಹಾಕ್ಕೊಂಡು ತೋರಿಸ್ತೀನಿ.”

“ಮುಟ್ಟುಗೋಲು ಹಾಕಿದ ವಸ್ತುವನ್ನ ಬಳಸೋ ಹಾಗಿಲ್ಲ.”

“ಹಾಗಾದ್ರೆ ನೀನು ಹಾಕ್ಕೊಂಡು ನೋಡು. ಕೂರಲಿಲ್ಲ ಅಂದ್ರೆ ನಂದು.”

ಆಗ ತಾವು ನಕ್ಕಿರಿ. ಮನಸಾರೆ, ತಲೆ ಹಿಂದಕ್ಕೆ ಹಾಕಿ ನಕ್ಕಿರಿ. ಕಾನೂನು ಕೈ ಕಟ್ಟಿಹಾಕಿದೆ, ನಾವು ಯುದ್ಧದಲ್ಲಿದ್ದೇವೆ ಎಂದಿರಿ. “ಗೊತ್ತಪ್ಪ, ನಾನೂ ಇದೇ ಊರಲ್ಲಿರೋದು” ಎಂದಳು ಅಮ್ಮ. ಖಾನೆ ತೆರೆದು ಲಕೋಟೆ ತೋರಿಸಿ, ಮತ್ತೆ ಒಳಗಿಟ್ಟಿರಿ. ನಾವು ನಮಸ್ಕಾರ ಹೇಳಿ ಹೊರಟೆವು.

ಮೆಟ್ಟಿಲಿಳಿಯುವಾಗ ಮೇಲಣ್ಣ ನಡುವೆಯೇ ನಿಂತುಬಿಟ್ಟರು.

“ಸಾಹೇಬರು ನಕ್ಕಿದ್ದು ನೋಡಿದ್ರಾ? ಆ ಮೇಲಿನ ಸೆಟ್ ನಂದು.”

“ಹಾಗಾದ್ರೆ ಕೆಳಗಿಂದು?” ಎಂದಳು ಅಮ್ಮ.

ಮೇಲಣ್ಣ ಕಿಟಕಿಯಾಚೆ ಹೊಳೆಯ ಕಡೆ ಗದ್ದ ತಿರುಗಿಸಿದರು. “ಇನ್ಯಾರು, ಅವನೇ. ಅಷ್ಟು ಜೋರಾಗಿ ನಕ್ಕರೂ ಒಂದು ಚೂರು ಅಲ್ಲಾಡಲಿಲ್ಲ ನೋಡಿ. ಕತ್ತೆ ಬಡವ, ಕೆಲಸ ಮಾತ್ರ ಅಚ್ಚುಕಟ್ಟು.” ಒಡಹುಟ್ಟಿದವನನ್ನು ಅವರು ಹೊಗಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಷ್ಟರ ಮಟ್ಟಿಗೆ ತಮ್ಮ ನಗು ಒಂದು ದೊಡ್ಡ ಉಪಕಾರ ಮಾಡಿದೆ.

ಮಾನ್ಯರೇ, ತಾವು ಗಾಬರಿಯಾಗಬೇಡಿ. ತಮ್ಮ ಬಾಯಿಯೊಳಗೆ ಇಣುಕುವುದು ನನ್ನ ಉದ್ದೇಶವಲ್ಲ. ಊರಿನಲ್ಲಿ ಇಲಾಖೆಗಳು ಬೇಕಾದಷ್ಟಿವೆ, ನಗುವ ಅಧಿಕಾರಿಗಳು ಮಾತ್ರ ಅಪರೂಪ. ಓದುಗರು ಊಹಿಸದಿರಲಿ ಎಂದು ಹಾರೈಸುತ್ತೇನೆ. ಶತ್ರು ಮೂಲದ ವಸ್ತುಗಳನ್ನು ತಾವಾಗಿಯೇ ತಂದೊಪ್ಪಿಸಬೇಕೆಂಬ ಆದೇಶಕ್ಕೆ ಸಹಿ ಹಾಕಿದವರು ತಾವೇ. ಆ ಆದೇಶದಂತೆ ತಮ್ಮ ಕೆಳದವಡೆಯನ್ನು ತೆಗೆದು ಅದೇ ಖಾನೆಯಲ್ಲಿಡಿ ಎಂದು ನಾನು ಕೇಳುವುದಿಲ್ಲ. ಕೇಳಬೇಕಾದದ್ದು ತಿರುಗುಮುರುಗು. ತಮ್ಮ ಬಾಯಲ್ಲಿ ಎರಡು ದೇಶಗಳು ದಿನವೂ ಒಂದರ ಮೇಲೊಂದು ಕೂರುತ್ತಿವೆ. ದೇಶಕ್ಕೆ ಏನಾದರೂ ಅಪಾಯವಾಗಿದೆಯೇ? ಅವು ಸರಿಯಾಗಿ ಕೂರುವುದರಿಂದಲೇ ತಾನೆ ತಾವು ಸ್ಪಷ್ಟವಾಗಿ ‘ಶತ್ರು’ ಎನ್ನುತ್ತಿರುವುದು? ಅಮ್ಮನ ಸೆಟ್ ಆ ದಡದಲ್ಲಿ ಹುಟ್ಟಿದ್ದು ನಿಜ. ಆದರೆ ಅದು ಬೆಳೆದದ್ದು ಇಲ್ಲಿ. ನಮ್ಮ ಊಟವನ್ನು ಅಗಿದಿದೆ, ನಮ್ಮ ನುಡಿಯನ್ನು ಆಡಿದೆ, ನಮ್ಮ ಕಾರ್ಖಾನೆಯ ಹೆಂಗಸರಿಗೆ ಲೋಕದ ಕಥೆಗಳನ್ನು ಹೇಳಿದೆ. ಇಷ್ಟು ವರ್ಷ ವಾಸವಾಗಿದ್ದ ಮನುಷ್ಯನಿಗೂ ಇಲ್ಲಿಯವನೆಂಬ ಮನ್ನಣೆ ಸಿಗುತ್ತಿತ್ತು.

ಯುದ್ಧ ನಿಲ್ಲಿಸಿ ಎಂದು ಕೇಳಬಹುದು. ಕೇಳುತ್ತೇನೆ ಕೂಡ, ಆದರೆ ಅದು ತಮ್ಮ ಖಾನೆಯಲ್ಲಿಲ್ಲ ಎಂಬುದು ನನಗೆ ಗೊತ್ತು. ತಮ್ಮ ಖಾನೆಯಲ್ಲಿ ಇರುವುದನ್ನಷ್ಟೇ ತಾವು ಕೊಡಿ. ಅದರ ಜೊತೆಗೆ, ವಾರಕ್ಕೊಮ್ಮೆ ಸೇತುವೆಯ ಮೇಲೆ ಒಂದು ಚೀಲ ಅತ್ತಿತ್ತ ಹೋಗಿಬರಲು ಅಪ್ಪಣೆ ಕೊಡಿ. ಅದರಲ್ಲಿ ಹಲ್ಲಿನ ಅಚ್ಚುಗಳು ಮಾತ್ರ ಇರುತ್ತವೆ. ಬೇಕಾದರೆ ತಮ್ಮ ಸಿಬ್ಬಂದಿಯೇ ಹೊರಲಿ. ಬೈಗುಳಗಳನ್ನೂ ಅವರೇ ತಲುಪಿಸಬೇಕಾಗುತ್ತದೆ. ಅವಿಲ್ಲದೆ ಅಚ್ಚು ಕೂರುವುದಿಲ್ಲ. ಮೂರು ಬೆರಳಿಲ್ಲದ ಹುಡುಗನಿಗೆ ಎರಡೂ ದವಡೆಗಳ ವಿದ್ಯೆ ತಲೆಯಲ್ಲಿದೆ. ಪಕ್ಕದಲ್ಲಿ ಕೂತು ಯಾರಿಗಾದರೂ ಕಲಿಸುತ್ತೇನೆ ಎನ್ನುತ್ತಿದ್ದಾನೆ. ಬೈಯುವ ಇಬ್ಬರೂ ಬದುಕಿರುವಾಗಲೇ ಅದು ಆಗಬೇಕು.

ಲಕೋಟೆಯನ್ನು ಅಂಚೆಯಲ್ಲಿ ಕಳಿಸಬೇಡಿ. ಯಾವುದಾದರೂ ಬೆಳಿಗ್ಗೆ ತಾವೇ ತೆಗೆದುಕೊಂಡು ಗವಸಿನ ಕಾರ್ಖಾನೆಗೆ ಬನ್ನಿ. ಸ್ಟೂಲನ್ನು ಒರೆಸಿಟ್ಟಿದ್ದೇವೆ. ಪುಟದಲ್ಲಿ ಗುರುತಿಗೆ ಇಟ್ಟ ಚರ್ಮದ ಚೂರು ಅಲ್ಲೇ ಇದೆ. ತಾವು ಬಂದರೆ ಧ್ವನಿವರ್ಧಕವನ್ನು ಸ್ವಲ್ಪ ಹೊತ್ತು ಆರಿಸಬೇಕಾದೀತು. ಆ ಅಧಿಕಾರ ಇರುವವರೂ ಊರಿನಲ್ಲಿ ತಾವೊಬ್ಬರೇ. ಗುಂಡಿ ಹಾಕುವವಳ ಮಗ ಈಗಲೂ ಗಡಿಯಲ್ಲಿದ್ದಾನೆ. ಅವಳು ಪ್ರತಿ ವಾರ ನನ್ನ ಮೇಜಿನ ಹತ್ತಿರ ಬಂದು ಪಿಸುಗುಟ್ಟುತ್ತಾಳೆ: “ನೀನು ಓದಿರ್ತೀಯ, ನಂಗೊತ್ತು. ತಂಗಿ ಬಾಗಿಲು ತೆಗೀತಾಳೋ ಇಲ್ವೋ, ಅಷ್ಟು ಹೇಳಿಬಿಡೆ.”

ಓದಿದ್ದೇನೆ. ಅವಳಿಗೆ ಹೇಳಿಲ್ಲ, ತಮಗೂ ಹೇಳುವುದಿಲ್ಲ. ಅದನ್ನು ಅಮ್ಮನ ಬಾಯಲ್ಲೇ ಕೇಳಬೇಕು.

ಇಂತಿ,
ಬಾಗಿಲ ಹೊರಗೆ ನಿಂತು ಕಾಲು ಸೋತವರ ಪರವಾಗಿ,
ಓದುವವಳ ಮಗಳು
(ಓದಿದರೆ ಸೂಜಿಗೂ ನಿದ್ದೆ ಬರಿಸುವವಳು)